ಹದಿನೇಳನೆಯ ಸದಸ್ಯೆಯ ಇಪ್ಪತ್ತಮೂರು ತಿಂಗಳು

ವೇಣೂರು
೧೨-೮-೨೦೦೩

ಚಿರಂಜೀವಿ ಫಾಹಿಮಾಳಿಗೆ ಆಶೀರ್ವಾದಗಳು.

ಮೊದಲು ಕ್ಷಮೆ ಕೇಳಬೇಕು. ನಮ್ಮ ಸಂಘದ ಕಾರು ಬಂದದ್ದು ೧೯೯೬ರಲ್ಲಿ ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ಅದು ತಪ್ಪು, ಬಂದದ್ದು ೧೯೯೭ರ ಮಾರ್ಚಿನಲ್ಲಿ. ಮೂವತ್ತೆಂಟು ವರ್ಷ ಕನ್ನಡ ಪಂಡಿತನಾಗಿ ಮಕ್ಕಳ ತಪ್ಪುಗಳನ್ನು ತಿದ್ದಿದವನ ಲೇಖನಿಯಿಂದ ಇಂಥದ್ದು ನುಸುಳಿತೆಂಬ ನಾಚಿಕೆಯಿಂದ ಮೂರು ದಿನ ಊಟ ರುಚಿಸಲಿಲ್ಲ. ಹಳೆಯ ಪತ್ರವನ್ನು ದಯವಿಟ್ಟು ಹರಿದುಹಾಕು.

ನೀನು ‘ಕಾರ್ ಶೇರಿಂಗ್’ ಎಂದು ಬರೆದಿದ್ದೀಯೆ. ಎಂಟನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಕಲಿತವಳು ಹಾಗೆ ಬರೆಯಬಾರದು. ನಮ್ಮದು ‘ಸಹವಾಹನ ಸಂಘ’. ಒಂಟಿಯಾಗಿ ಕಾರು ಕೊಳ್ಳಲಾರದ ಮೂವತ್ತೆರಡು ಮನೆಗಳು ಸೇರಿ ಒಂದು ಅಂಬಾಸಿಡರ್ ಕೊಂಡವು. ಕಾರು ಬೇಕಾದವರು ದಿನವನ್ನೂ ಹೋಗುವ ಊರನ್ನೂ ಚೀಟಿಯಲ್ಲಿ ಬರೆದು ಅಧ್ಯಕ್ಷ ಯಾಕೂಬ್ ಸಾಹೇಬರ ಅಂಗಡಿಯ ಡಬ್ಬಿಗೆ ಹಾಕಬೇಕು. ಚಾಲಕನು ಕಾರಿನಲ್ಲಿ ತನ್ನದೊಂದು ಪುಸ್ತಕವನ್ನು ಇಟ್ಟುಕೊಳ್ಳುತ್ತಾನೆ. ಇವೆರಡನ್ನೂ ನೋಡಿ ನಾನು ವರ್ಷವರ್ಷವೂ ಶುದ್ಧ ಪ್ರತಿಯನ್ನು ಸಿದ್ಧಪಡಿಸುತ್ತೇನೆ.

ಒಬ್ಬ ಸದಸ್ಯನು ಕಾಲಕ್ರಮದಲ್ಲಿ ಎಷ್ಟು ನಿಯಮಿತವಾಗಿ ಕಾರನ್ನು ಬಳಸುತ್ತಾನೆ, ಯಾವಾಗ ಕೈಬಿಡುತ್ತಾನೆ ಎಂಬುದು ನಿನ್ನ ಸಂಶೋಧನೆಯ ವಿಷಯವಷ್ಟೆ? ಕಾರು ಬಂದಂದಿನಿಂದ ಕಳೆದ ತಿಂಗಳವರೆಗಿನ ಶುದ್ಧ ಪ್ರತಿಯ ನಾಲ್ಕು ಸಂಪುಟಗಳನ್ನು ಮೂಡುಬಿದಿರೆಯ ಬಸ್ಸಿನ ನಿರ್ವಾಹಕರ ಕೈಯಲ್ಲಿ ನಿನ್ನ ಕಾಲೇಜಿಗೆ ಕಳುಹಿಸಿದ್ದೇನೆ. ನಾಲ್ಕರಲ್ಲಿಯೂ ಒಂದು ಚಿತ್ತು ಕಾಣಸಿಗದು. ಕಂಡರೆ ಬರೆ.

ಇಂತು ನಿನ್ನ ಹಿತೈಷಿ,
ಧರ್ಣಪ್ಪ

ನರಿಕೊಂಬು, ಬಂಟ್ವಾಳ
9-10-2003

ಪ್ರೀತಿಯ ಮಾಸ್ಟ್ರಿಗೆ ನಮಸ್ಕಾರಗಳು.

ಸಂಪುಟಗಳು ಸುರಕ್ಷಿತವಾಗಿ ತಲುಪಿದವು. ಚಿತ್ತು ಸಿಗಲಿಲ್ಲ. ಕಾಲೇಜಿನಲ್ಲಿ ನನ್ನ ಸಂಖ್ಯಾಶಾಸ್ತ್ರದ ಸಹೋದ್ಯೋಗಿಗಳು ಅಕ್ಷರ ನೋಡಿ ಅಚ್ಚಿನದೋ ಕೈಬರಹವೋ ಎಂದು ಕೇಳಿದರು.

ನಾನು ಮಾಡಿದ್ದನ್ನು ಸರಳವಾಗಿ ಹೇಳುತ್ತೇನೆ. ಪ್ರತಿ ಸದಸ್ಯರಿಗೂ ತಿಂಗಳಿಗೊಂದು ಚೌಕ ಹಾಕಿದೆ. ಆ ತಿಂಗಳು ಕಾರು ಬಳಸಿದ್ದರೆ ಚೌಕ ತುಂಬಿದೆ, ಇಲ್ಲದಿದ್ದರೆ ಖಾಲಿ. ಎಷ್ಟು ತಿಂಗಳು ಖಾಲಿ ಹೋದವರು ಮತ್ತೆ ಬರುತ್ತಾರೆ, ಎಷ್ಟು ಕಳೆದ ಮೇಲೆ ಬರುವುದೇ ಇಲ್ಲ ಎಂದು ಎಲ್ಲರ ಚೌಕಗಳಿಂದ ಲೆಕ್ಕದ ಒಂದು ಮಾದರಿ ಕಟ್ಟಿದೆ. ಅದರ ಪ್ರಕಾರ ಸದಸ್ಯರು ಮೂರು ಗುಂಪು: ಸ್ಥಿರ, ಚಂಚಲ, ಬಿಟ್ಟವರು. ನನ್ನ ಪಟ್ಟಿಯಲ್ಲಿ ಹೆಸರುಗಳಿಲ್ಲ, ಸದಸ್ಯ ಸಂಖ್ಯೆ ಮಾತ್ರ.

ಹದಿನೇಳನೆಯ ಸದಸ್ಯರ ಬಗ್ಗೆ ಒಂದು ಪ್ರಶ್ನೆ. 2001ರ ಆಗಸ್ಟಿನವರೆಗೆ ತಿಂಗಳಿಗೆ ಎರಡು ಸಲ ಮೂಡುಬಿದಿರೆಗೆ ಹೋಗಿದ್ದಾರೆ. ಸೆಪ್ಟೆಂಬರಿನಿಂದ ಒಮ್ಮೆಯೂ ಇಲ್ಲ. ಸಾಲಾಗಿ ಇಪ್ಪತ್ತಮೂರು ಖಾಲಿ ಚೌಕ. ಅಂಥವರು ಮರಳಿ ಬರುವ ಸಂಭವ ನೂರರಲ್ಲಿ ಎರಡೂ ಇಲ್ಲ ಎನ್ನುತ್ತದೆ ಲೆಕ್ಕ. ಅಷ್ಟು ಕ್ರಮವಾಗಿ ಹೋಗುತ್ತಿದ್ದವರು ಹೀಗೆ ಒಮ್ಮೆಲೇ ನಿಲ್ಲಿಸಿದ್ದೇಕೆ?

ಚಾಲಕರ ಮೂಲ ಪುಸ್ತಕ ಇನ್ನೂ ಇದ್ದರೆ ಒಂದು ವಾರದ ಮಟ್ಟಿಗೆ ಕಳುಹಿಸಿಕೊಡಬಹುದೇ?

ನಿಮ್ಮ ವಿದ್ಯಾರ್ಥಿನಿ,
ಫಾಹಿಮಾ

ವೇಣೂರು
೧೬-೧೦-೨೦೦೩

ಶ್ರೀಮತಿ ಫಾಹಿಮಾ ಅವರಿಗೆ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಸಿಟ್ಟು ಹೆಚ್ಚಾಯಿತು.

ಮರ್ಯಾದಸ್ಥ ಸಂಸಾರಿಗಳನ್ನು ‘ಚಂಚಲ’ರೆಂದು ಕರೆಯುವ ಅಧಿಕಾರವನ್ನು ತಮಗೆ ಕೊಟ್ಟವರಾರು? ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಮನೆಯಲ್ಲಿ ಉಳಿದವಳು ಚಂಚಲಳೋ? ಕೊಲ್ಲಿಯಿಂದ ಮಗ ಬಂದ ತಿಂಗಳು ಎಂಟು ಸಲ ತಿರುಗಾಡಿ, ಅವನು ಮರಳಿದ ಮೇಲೆ ಸುಮ್ಮನಾದವನು ಚಂಚಲನೋ? ಮನುಷ್ಯನ ಬಾಳು ಚೌಕಗಳ ಸಾಲಲ್ಲ.

ಹದಿನೇಳನೆಯ ಸದಸ್ಯೆ ಸೇಸಮ್ಮ. ಗಂಡನಿಲ್ಲದ ಹೆಂಗಸು, ಬೀಡಿ ಕಟ್ಟಿ ಸಂಘದ ಪಾಲನ್ನು ತುಂಬಿದವಳು. ಅವಳ ಮಗಳು ಲೋಲಾಕ್ಷಿಗೆ ಎಳವೆಯಲ್ಲಿಯೇ ಕಾಲುಗಳ ಶಕ್ತಿ ಹೋಗಿದೆ. ಬಸ್ಸಿನ ಮೆಟ್ಟಿಲು ಹತ್ತಲಾರಳು. ಅವಳನ್ನು ಬೆರಳಚ್ಚು ಕಲಿಸಲು ಮೂಡುಬಿದಿರೆಗೆ ಕರೆದೊಯ್ಯುವುದು ಈ ಕಾರೇ. ಅವಳು ಹೋಗುವುದನ್ನು ನಾನು ನನ್ನ ಜಗಲಿಯಿಂದ ಕಣ್ಣಾರೆ ಕಂಡಿದ್ದೇನೆ. ಕಳೆದ ಶನಿವಾರವೂ ಕಂಡೆ. ಹಾಗಿದ್ದ ಮೇಲೆ ತಪ್ಪಿರುವುದು ತಮ್ಮ ಲೆಕ್ಕದಲ್ಲಿ. ಮಾದರಿಯನ್ನು ತಿದ್ದಿಕೊಳ್ಳಿ.

ಮೂಲ ಪುಸ್ತಕವನ್ನು ಕಳುಹಿಸಲಾರೆ. ಎರಡು ವರ್ಷದ ಹಿಂದೆ ಚಾಲಕನಾಗಿ ಬಂದ ಮುಂಡಪ್ಪ ಬರೆದಿರುವುದು ಪುಸ್ತಕವೇ ಅಲ್ಲ. ಎಣ್ಣೆಯ ಕಲೆ, ಗೀಚು, ಆಟಿ, ಸೋಣ ಎಂಬ ಬೇಸಾಯಗಾರರ ತಿಂಗಳುಗಳು. ಮನೆಯಲ್ಲಿ ನಾನೂ ತುಳುವನ್ನೇ ಆಡುತ್ತೇನೆ. ಆದರೆ ಮನೆಯ ಮಾತು ಬೇರೆ, ಸಂಘದ ದಾಖಲೆ ಬೇರೆ. ಅದರಿಂದ ಯೋಗ್ಯವಾದುದನ್ನಷ್ಟೇ ಆರಿಸಿಕೊಂಡು ನಾನು ಪ್ರತಿ ಮಾಡಿದ್ದೇನೆ. ನನ್ನ ಪ್ರತಿಯಿರುವಾಗ ಮೂಲವನ್ನು ಕೇಳುವುದು ನನ್ನನ್ನು ಸಂಶಯಿಸಿದಂತೆ.

ಧರ್ಣಪ್ಪ

ನರಿಕೊಂಬು, ಬಂಟ್ವಾಳ
2-12-2003

ಮಾನ್ಯ ಮಾಸ್ಟ್ರೇ,

ನಿಮ್ಮನ್ನು ನೋಯಿಸುವ ಉದ್ದೇಶ ನನಗಿರಲಿಲ್ಲ. ‘ಚಂಚಲ’ ಎಂಬ ಪದವನ್ನು ಪ್ರಬಂಧದಿಂದ ತೆಗೆದಿದ್ದೇನೆ. ‘ಬಿಟ್ಟು ಬಿಟ್ಟು ಬಳಸುವವರು’ ಎಂದು ಹಾಕಿದ್ದೇನೆ.

ಆದರೆ ಮಾದರಿಯನ್ನು ತಿದ್ದಲು ಆಗಲಿಲ್ಲ. ಪುಸ್ತಕದಲ್ಲಿ ಬರೆದದ್ದು ಮಾತ್ರ ಅದಕ್ಕೆ ಕಾಣುತ್ತದೆ. ಬರೆಯದ್ದು ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಮುಂಚೆಯೇ ತಿಳಿಸಬೇಕಿತ್ತು. ಅಕ್ಟೋಬರಿನ ಕೊನೆಗೆ ಯಾಕೂಬ್ ಸಾಹೇಬರು ಮೂಡುಬಿದಿರೆಗೆ ಬಂದಿದ್ದರು. ಕಾರಿಗೆ ಬೇಡಿಕೆ ಹೆಚ್ಚಾಗಿದೆ, ಹೊಸದಾಗಿ ಎಂಟು ಮನೆಯವರು ಸೇರಲು ಕಾಯುತ್ತಿದ್ದಾರೆ, ಯಾರು ನಿಜವಾಗಿ ಬಳಸುತ್ತಾರೆಂದು ತಿಳಿದರೆ ಒಳ್ಳೆಯದು ಎಂದರು. ಸಂಘದ ದಾಖಲೆ ಸಂಘದ್ದೇ ಎಂದುಕೊಂಡು ಮೂರು ಗುಂಪುಗಳ ಪಟ್ಟಿ ಕೊಟ್ಟೆ. ಹದಿನೇಳರ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೆ. ಅದು ಅವರ ಕಣ್ಣಿಗೆ ಬಿದ್ದಿರಬಹುದು ಎಂದುಕೊಳ್ಳುತ್ತೇನೆ.

ಫಾಹಿಮಾ

ವೇಣೂರು
೨೨-೧೨-೨೦೦೩

ಶ್ರೀಮತಿ ಫಾಹಿಮಾ ಅವರಿಗೆ,

ತಮ್ಮ ಪೆನ್ಸಿಲಿನ ಚಿಹ್ನೆ ಯಾರ ಕಣ್ಣಿಗೂ ಬೀಳಲಿಲ್ಲ. ತಮ್ಮ ಪಟ್ಟಿ ಎಂಥ ಕೆಲಸ ಮಾಡಿತೆಂಬುದನ್ನು ತಾವು ತಿಳಿಯಲೇಬೇಕು. ಆದುದರಿಂದ, ನಡೆದದ್ದನ್ನು ನಡೆದಂತೆ, ಆಡಿದ್ದನ್ನು ಆಡಿದಂತೆಯೇ ಬರೆಯುತ್ತೇನೆ. ಭಾಷೆಗೆ ನಾನು ಹೊಣೆಯಲ್ಲ.

ಇದೇ ಹದಿನಾಲ್ಕರಂದು, ಭಾನುವಾರ, ಯಾಕೂಬ್ ಸಾಹೇಬರ ಅಂಗಡಿಯ ಜಗಲಿಯಲ್ಲಿ ಸಮಿತಿ ಸೇರಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಾರು ಬಳಸದವರ ಸದಸ್ಯತ್ವ ರದ್ದು ಎಂಬ ನಿಯಮ ಬಂತು. ತಮ್ಮ ಪಟ್ಟಿಯ ‘ಬಿಟ್ಟವರು’ ಐವರ ಸಂಖ್ಯೆಗಳನ್ನು ಅಧ್ಯಕ್ಷರು ಓದಿದರು. ನಾಲ್ವರು ಊರನ್ನೇ ಬಿಟ್ಟವರು. ಅವರ ಬಗ್ಗೆ ಮಾತಿಲ್ಲ. ಐದನೆಯವಳು ಸೇಸಮ್ಮ. ಅವಳು ಎದ್ದು ನಿಂತಳು.

“ನಾನು ಬಿಟ್ಟದ್ದು ಯಾವಾಗ ಸಾಹೇಬ್ರೆ? ಬಿಟ್ಟವಳು ಮೊನ್ನೆ ಶನಿವಾರ ಕೂತು ಹೋದದ್ದು ಯಾರ ಕಾರಿನಲ್ಲಿ? ನಿಮ್ಮ ಅಪ್ಪನದ್ದಾ?”

ಜನ ನಕ್ಕರು. ಸಾಹೇಬರೂ ನಕ್ಕರು.

“ಬೈಬೇಡಿ ಸೇಸಕ್ಕ. ಇದು ನನ್ನ ಬಾಯಿಂದ ಬಂದದ್ದಲ್ಲ, ಕಾಲೇಜಿನ ಟೀಚರು ಲೆಕ್ಕ ಹಾಕಿ ಕೊಟ್ಟದ್ದು. ಪುಸ್ತಕದಲ್ಲಿ ಎರಡು ವರ್ಷದಿಂದ ನಿಮ್ಮ ಹೆಸರಿಲ್ಲ.”

“ಹೆಸರಿಲ್ಲದಿದ್ರೆ ನನ್ನ ಮಗಳು ಮೂಡುಬಿದ್ರೆಗೆ ಹಾರಿಕೊಂಡು ಹೋದದ್ದಾ ಮಾರಾಯ್ರೆ?”

“ಹೋಗಿರಬಹುದು. ನಾನೂ ನೋಡಿದ್ದೇನೆ. ಆದ್ರೆ ಚೀಟಿ ಉಂಟಾ?”

“ನನ್ನ ಮನೆ ಮುಂಡಪ್ಪ ಬರುವ ದಾರಿಯಲ್ಲೇ. ಗುಡ್ಡ ಇಳಿದು ನಿಮ್ಮ ಡಬ್ಬಿಗೆ ಚೀಟಿ ಹಾಕ್ಲಿಕ್ಕೆ ನನಗೆ ಅರ್ಧ ದಿನ ಬೇಕು, ಬೀಡಿ ಯಾರು ಕಟ್ಟುವುದು? ಬಾಯಲ್ಲಿ ಹೇಳಿದ್ದೇನೆ. ಬಾಯಿ ಮಾತು ಸಾಕಾಗುದಿಲ್ವಾ?”

ಆಗ ಸಾಹೇಬರ ಮುಖ ಗಂಭೀರವಾಯಿತು. “ಸರಿ ಸೇಸಕ್ಕ, ನೀವು ಹೋದದ್ದು ಹೌದು ಅಂತ ಇಟ್ಟುಕೊಳ್ಳುವ. ಚೀಟಿ ಇಲ್ಲ, ಪುಸ್ತಕದಲ್ಲಿ ಇಲ್ಲ, ಕಾರು ಹೋಗಿದೆ. ಅಂದ್ರೆ ಮುಂಡಪ್ಪ ಎರಡು ವರ್ಷ ಸಂಘದ ಕಾರನ್ನು ಕದ್ದು ಓಡಿಸಿದ್ದು ಅಂತ ಆಯ್ತು. ಅವನನ್ನು ಇವತ್ತೇ ತೆಗೀಬೇಕಾಗ್ತದೆ. ಯಾವುದು ಆಗ್ಬೇಕು, ನೀವೇ ಹೇಳಿ.”

ಮುಂಡಪ್ಪ ಹಿಂದಿನಿಂದ “ಮಾಸ್ಟ್ರೇ, ನಾನು…” ಎಂದು ಏನನ್ನೋ ಹೇಳಹೊರಟ. ಸಭೆಯ ರೀತಿನೀತಿ ತಿಳಿಯದವನು, ಸುಮ್ಮನಿರಿಸಿದೆ.

ಸೇಸಮ್ಮ ಅವನ ಮುಖವನ್ನು ನೋಡಿದಳು. ಅವನಿಗೂ ಮೂವರು ಮಕ್ಕಳು. “ನಾನು ಹೋಗ್ಲಿಲ್ಲ. ಬರ್ಕೊಳ್ಳಿ,” ಎಂದು ಹೇಳಿ ಇಳಿದು ಹೋದಳು.

ಇಪ್ಪತ್ತನೆಯ ತಾರೀಖು ಶನಿವಾರ ಲೋಲಾಕ್ಷಿಗೆ ಮೂಡುಬಿದಿರೆಯಲ್ಲಿ ಬೆರಳಚ್ಚು ಪರೀಕ್ಷೆಯಿತ್ತು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬೆಳ್ತಂಗಡಿಯ ವಕೀಲರೊಬ್ಬರು ತಮ್ಮ ಕಚೇರಿಯಲ್ಲಿ ಕೆಲಸ ಕೊಡುವುದಾಗಿ ಒಪ್ಪಿದ್ದರು. ಉಳಿದುಕೊಳ್ಳಲು ಕೋಣೆಯೂ ಗೊತ್ತಾಗಿತ್ತು. ಕಾರಿನ ಕೀಲಿಕೈ ಸಾಹೇಬರ ಮೇಜಿನಲ್ಲಿತ್ತು. ಊರಿನ ಎರಡು ಬಾಡಿಗೆ ಜೀಪುಗಳೂ ಮುಂಜಾನೆಯೇ ಹೊರಟುಹೋಗಿದ್ದವು. ಮಾರ್ಗದ ಬದಿಯಲ್ಲಿ ಕುರ್ಚಿ ಹಾಕಿ ಮಗಳನ್ನು ಕೂರಿಸಿಕೊಂಡು ಸೇಸಮ್ಮ ಏಳೂವರೆಯಿಂದ ಕಾದಳು. ಮೂರು ಬಸ್ಸುಗಳು ಬಂದವು. ಮೂರೂ ಬಾಗಿಲವರೆಗೆ ತುಂಬಿದ್ದವು. “ಎತ್ತಿ ಹಾಕುವ, ಸ್ವಲ್ಪ ಜಾಗ ಮಾಡಿ” ಎಂದು ಒಬ್ಬ ನಿರ್ವಾಹಕ ಒಳಗಿದ್ದವರಿಗೆ ಕೂಗಿದ, ಒಳಗಿದ್ದವರು ಅಲುಗಲಿಲ್ಲ. ಹತ್ತು ಗಂಟೆಗೆ ಪರೀಕ್ಷೆ ಆರಂಭವಾಗುವ ಹೊತ್ತಿಗೆ ಅವಳಿನ್ನೂ ಆ ಕುರ್ಚಿಯಲ್ಲಿಯೇ ಇದ್ದಳು. ನನ್ನ ಜಗಲಿಯಿಂದ ಅದೂ ಕಾಣುತ್ತಿತ್ತು.

ಮೂಡುಬಿದಿರೆಯ ಬೀಸಣಿಗೆಯ ಕೆಳಗೆ ಕುಳಿತು ತಾವು ಹಾಕಿದ ಚೌಕಗಳು ಒಂದು ಹುಡುಗಿಯ ಅನ್ನವನ್ನು ಕಸಿದುಕೊಂಡವು. ತಮಗೆ ಪದವಿ ದೊರೆತೀತು. ಅಭಿನಂದನೆ ಹೇಳಲಾರೆ.

ಧರ್ಣಪ್ಪ

ನರಿಕೊಂಬು, ಬಂಟ್ವಾಳ
5-1-2004

ಮಾಸ್ಟ್ರೇ,

ನಿನ್ನೆ ನಾನು ವೇಣೂರಿಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಬಂದಿದ್ದರೆ ಮರ್ಯಾದೆ ಮೀರಿ ಮಾತಾಡುತ್ತಿದ್ದೆ.

ಮುಂಡಪ್ಪಣ್ಣ ಕಾರು ತೊಳೆಯುತ್ತಿದ್ದರು. ಪುಸ್ತಕ ಕೇಳಿದೆ. ಸೀಟಿನ ಅಡಿಯಿಂದ ತೆಗೆದು ಕೊಟ್ಟರು. “ಇದನ್ನು ಕೇಳಿದ್ದು ನೀವೇ ಮೊದಲು ಟೀಚರ್,” ಎಂದರು.

“ಮಾಸ್ಟ್ರು ನೋಡಲಿಲ್ವಾ?”

“ನೋಡಿದ್ದಾರೆ. ‘ಇದೆಂಥ ಆಟಿ, ಸೋಣ? ಕಾರು ಓಡಿಸುವುದಾ, ಗದ್ದೆಯಲ್ಲಿ ನೇಜಿ ನೆಡುವುದಾ ನೀನು?’ ಅಂತ ಹೇಳಿ ಹಿಂದೆ ಬಿಸಾಡಿದ್ರು. ನಾನೆಂಥ ಮಾಡುದು? ನನ್ನ ಅಪ್ಪ ಕಲಿಸಿದ್ದು ಅದೇ ತಿಂಗಳು. ಚೀಟಿ ಉಂಟಲ್ಲ, ಅದರಲ್ಲಿ ಇಂಗ್ಲಿಷ್ ತಾರೀಖು ಇರ್ತದೆ, ಮಾಸ್ಟ್ರು ಅದನ್ನು ನೋಡಿ ಬರ್ಕೊಳ್ತಾರೆ ಅಂತ ಸುಮ್ಮನಾದೆ. ಸೇಸಕ್ಕನಿಗೆ ಚೀಟಿಯೇ ಇಲ್ಲ ಅಂತ ನನಗೆ ಆಗ ಹೊಳೀಲಿಲ್ಲ ನೋಡಿ.”

“ಸಭೆಯಲ್ಲಿ ಹೇಳಬಹುದಿತ್ತಲ್ಲ?”

“ಹೇಳ್ಲಿಕ್ಕೆ ಬಾಯಿ ತೆರೆದೆ. ಮಾಸ್ಟ್ರು ಕೈ ಎತ್ತಿದ್ರು. ನಾನು ಅವರ ಕ್ಲಾಸಿನಲ್ಲಿ ಎರಡು ಸಲ ಫೇಲಾದವ. ಆ ಕೈ ನೋಡಿದ್ರೆ ಈಗಲೂ ಕೂತುಬಿಡ್ತೇನೆ.”

ಮಾಸ್ಟ್ರೇ, 2001ರ ಸೆಪ್ಟೆಂಬರಿನಿಂದ 2003ರ ಜುಲೈವರೆಗೆ ಆ ಪುಸ್ತಕದಲ್ಲಿ ‘ಸೇಸಕ್ಕ, ಮೂಡುಬಿದ್ರೆ’ ಎಂದು ನಲವತ್ತೊಂದು ಕಡೆ ಉಂಟು. ಪ್ರತಿಯೊಂದಕ್ಕೂ ತಾರೀಖು ಉಂಟು. ಒಂದೂ ನಿಮ್ಮ ಪ್ರತಿಗೆ ಬರಲಿಲ್ಲ. ಅವನ್ನು ಸೇರಿಸಿ ನಿನ್ನೆ ರಾತ್ರಿ ಲೆಕ್ಕವನ್ನು ಮತ್ತೆ ಮಾಡಿದೆ. ಮೂವತ್ತೆರಡು ಸದಸ್ಯರಲ್ಲಿ ಅತಿ ಹೆಚ್ಚು ಸ್ಥಿರವಾಗಿ ಕಾರು ಬಳಸಿದವರಲ್ಲಿ ಸೇಸಮ್ಮನವರು ಮೂರನೆಯವರು.

ನನ್ನ ತಪ್ಪನ್ನೂ ಬರೆಯುತ್ತೇನೆ. ನಿಮ್ಮ ಸಂಪುಟ ತೆರೆದ ಮೊದಲ ವಾರವೇ ಒಂದು ವಿಚಿತ್ರ ಕಂಡಿತ್ತು. ಚೀಟಿಯ ಅಂಕಣ ನೋಡಿದರೆ, 2001ರ ಆಗಸ್ಟಿನವರೆಗೆ ಹತ್ತು ಪ್ರಯಾಣಗಳಲ್ಲಿ ಒಂದಾದರೂ ಚೀಟಿಯಿಲ್ಲದ್ದು. ಆಮೇಲೆ ಒಂದೂ ಇಲ್ಲ. ಚೀಟಿಯಿಲ್ಲದವರು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಮೂಲ ಪುಸ್ತಕ ಕೇಳಿದ್ದು. ನೀವು ರೇಗಿದಿರಿ. ಪ್ರಬಂಧ ಕೊಡುವ ದಿನ ಹತ್ತಿರವಿತ್ತು. ಸುಮ್ಮನಾದೆ. ಪಟ್ಟಿಯನ್ನೂ ಕೊಟ್ಟೆ.

ನಿಮ್ಮ ಮೇಲೆ ಕೋಪವಿಲ್ಲ ಎಂದು ಬರೆದರೆ ಅದು ಸುಳ್ಳು. ಪುಸ್ತಕವನ್ನು ಇದರೊಂದಿಗೆ ಕಳುಹಿಸಿದ್ದೇನೆ. ಈ ತಿಂಗಳ 25ಕ್ಕೆ ಮಹಾಸಭೆ ಉಂಟಂತೆ. ಅಲ್ಲಿ ನಾನು ಮಾತಾಡಬೇಕೋ, ನೀವೇ ಮಾತಾಡುತ್ತೀರೋ?

ಫಾಹಿಮಾ

ವೇಣೂರು
೨೬-೧-೨೦೦೪

ಫಾಹಿಮಾ,

ಮೂರು ವಾರ ಉತ್ತರ ಬರೆಯಲಿಲ್ಲ. ನಾಲ್ಕು ಕರಡುಗಳನ್ನು ಬರೆದು ಸುಟ್ಟೆ. ನಾಲ್ಕರಲ್ಲಿಯೂ ‘ಗಮನಕ್ಕೆ ಬಾರದೆ ಹೋಯಿತು’ ಎಂದು ಬರೆದಿದ್ದೆ.

ಗಮನಕ್ಕೆ ಬಂದಿತ್ತು. ಆ ಪುಸ್ತಕವನ್ನು ತೆರೆದಾಗ ಅಸಹ್ಯವಾಯಿತು. ಪಂಚಾಂಗವನ್ನು ಎದುರಿಗಿಟ್ಟುಕೊಂಡು ಒಂದೊಂದೇ ತಾರೀಖನ್ನು ಕಂಡುಹಿಡಿಯುವುದು ಎರಡು ದಿನದ ಕೆಲಸ. ಒಬ್ಬ ಚಾಲಕನ ಗೀಚಿಗೆ ಅಷ್ಟು ದುಡಿಯಬೇಕೆ ಎಂದು ಚೀಟಿಗಳಿಂದ ಮಾತ್ರ ಪ್ರತಿಮಾಡಿದೆ. ನನ್ನ ಪ್ರತಿಯಲ್ಲಿ ಚಿತ್ತಿರಲಿಲ್ಲ, ಏಕೆಂದರೆ ಕಷ್ಟವಾದದ್ದನ್ನೆಲ್ಲ ನಾನು ಬರೆದೇ ಇರಲಿಲ್ಲ. ಅಷ್ಟು ಮಾತ್ರವಾಗಿದ್ದರೆ ಸೋಮಾರಿತನವೆಂದು ಒಪ್ಪಿ ಮುಗಿಸಬಹುದಿತ್ತು. ಆದರೆ ಸಭೆಯಲ್ಲಿ ಮುಂಡಪ್ಪ ಬಾಯಿ ತೆರೆದಾಗ ಅವನು ಏನು ಹೇಳುತ್ತಾನೆಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿದೇ ಕೈಯೆತ್ತಿದೆ. ಅನಂತರ ಮನೆಗೆ ಬಂದು ನಿನಗೆ ಆ ಪತ್ರವನ್ನು ಬರೆದೆ. ನನ್ನ ಕೋಪವಿನ್ನೂ ಇಳಿದಿಲ್ಲ; ಇಷ್ಟು ದಿನ ಅದನ್ನು ತಪ್ಪು ವಿಳಾಸಕ್ಕೆ ಕಳುಹಿಸುತ್ತಿದ್ದೆ.

ನಿನ್ನೆಯ ಮಹಾಸಭೆಯಲ್ಲಿ ನಾನೇ ಮಾತಾಡಿದೆ. ಮುಂಡಪ್ಪನ ಪುಸ್ತಕವನ್ನು ಅವನು ಬರೆದಂತೆಯೇ, ಅವನ ತಿಂಗಳುಗಳಲ್ಲಿಯೇ ಗಟ್ಟಿಯಾಗಿ ಓದಿದೆ. ಬೊಂತೆಲ್ ಹತ್ತು, ಸೇಸಕ್ಕ, ಮೂಡುಬಿದ್ರೆ. ಮೊದಲು ಕೆಲವರು ನಕ್ಕರು. ಹತ್ತನೆಯದಕ್ಕೆ ನಗು ನಿಂತಿತು. ಇಪ್ಪತ್ತರ ಹೊತ್ತಿಗೆ “ಹೌದೌದು, ಆ ದಿನ ನಾನೂ ಅದೇ ಕಾರಿನಲ್ಲಿ ಮೂಡುಬಿದ್ರೆಯಿಂದ ಬಂದದ್ದು” ಎಂದು ಒಬ್ಬೊಬ್ಬರು ಹೇಳತೊಡಗಿದರು.

ನಲವತ್ತೊಂದೂ ಮುಗಿದಾಗ ಯಾಕೂಬ್ ಸಾಹೇಬರು ಕನ್ನಡಕ ತೆಗೆದರು. “ಮುಂಡಪ್ಪ, ತಪ್ಪಾಯ್ತು ಮಾರಾಯ. ಸೇಸಕ್ಕ, ನಿಮ್ಮ ನಂಬರ್ ನಿಮಗೇ. ಅಲ್ಲ ಮಾಸ್ಟ್ರೇ, ಇದನ್ನು ಒಂದು ತಿಂಗಳು ಮೊದಲು ಓದ್ಬಹುದಿತ್ತಲ್ಲ ನಿಮಗೆ?”

ಅಲ್ಲಿಯೇ ಶುದ್ಧ ಪ್ರತಿ ಮಾಡುವ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇನ್ನು ಮುಂದೆ ಮುಂಡಪ್ಪನ ಪುಸ್ತಕವೇ ಸಂಘದ ಪುಸ್ತಕ.

ಸಂಜೆ ಗುಡ್ಡ ಹತ್ತಿ ಸೇಸಮ್ಮನ ಮನೆಗೆ ಹೋದೆ. ಅವಳು ಬೀಡಿಯ ತಟ್ಟೆಯಿಂದ ತಲೆಯೆತ್ತಲಿಲ್ಲ. ಲೋಲಾಕ್ಷಿ ಮಾತಾಡಿದಳು. “ಜೂನಿನ ಪರೀಕ್ಷೆಗೆ ಕಟ್ತೇನೆ ಮಾಸ್ಟ್ರೇ. ಕಾರು ಉಂಟಲ್ಲ ಈಗ. ವಕೀಲರು ಮಾತ್ರ ಬೇರೆಯವರನ್ನು ತೆಗೆದುಕೊಂಡಾಯ್ತಂತೆ.” ನಾನು ಕ್ಷಮೆ ಕೇಳಿದೆ. “ಕೂತುಕೊಳ್ಳಿ,” ಎಂದಳು. ಕೂರಲಾಗಲಿಲ್ಲ, ಮನೆಯಲ್ಲಿದ್ದದ್ದು ಅಂದು ಮಾರ್ಗದ ಬದಿಯಲ್ಲಿ ಕಂಡ ಅದೊಂದೇ ಕುರ್ಚಿ.

ನಿನ್ನ ಪ್ರಬಂಧದಲ್ಲಿ ಸೇರಿಸಲು ತಿದ್ದಿದ ತಾರೀಖುಗಳನ್ನು ಕಳುಹಿಸುತ್ತಿದ್ದೇನೆ. ಮೂವತ್ತೈದು ಬೇರೆ ಹಾಳೆಗಳಲ್ಲಿವೆ. ಪಂಚಾಂಗವನ್ನು ಎರಡೆರಡು ಸಲ ನೋಡಬೇಕಾಗಿ ಬಂದ ಆರನ್ನೂ, ಆಮೇಲಿನ ಒಂದನ್ನೂ ಕೆಳಗೆ ಬರೆದಿದ್ದೇನೆ.

ಧರ್ಣಪ್ಪ

ಬೊಂತೆಲ್ ೧೦. ನನ್ನ ಪ್ರತಿಯಲ್ಲಿ: ಇಲ್ಲ. ಸರಿಯಾದದ್ದು: ೨೭-೧೦-೨೦೦೧, ಶನಿವಾರ. ಸೇಸಮ್ಮ, ಲೋಲಾಕ್ಷಿ, ಮೂಡುಬಿದಿರೆ.

ಆಟಿ ೧೧. ನನ್ನ ಪ್ರತಿಯಲ್ಲಿ: ಇಲ್ಲ. ಸರಿಯಾದದ್ದು: ೨೭-೭-೨೦೦೨, ಶನಿವಾರ. ಅವರೇ.

ಸೋಣ ೨೯. ನನ್ನ ಪ್ರತಿಯಲ್ಲಿ: ಇಲ್ಲ. ಸರಿಯಾದದ್ದು: ೧೪-೯-೨೦೦೨, ಶನಿವಾರ. ಅವರೇ, ಮರಳುವಾಗ ಬಾಡಿಗೆಯ ಬೆರಳಚ್ಚು ಯಂತ್ರವೂ ಕಾರಿನಲ್ಲಿತ್ತು.

ಪುಯಿಂತೆಲ್ ೨೫. ನನ್ನ ಪ್ರತಿಯಲ್ಲಿ: ಇಲ್ಲ. ಸರಿಯಾದದ್ದು: ೮-೨-೨೦೦೩, ಶನಿವಾರ. ಅವರೇ.

ಪಗ್ಗು ೧೨. ನನ್ನ ಪ್ರತಿಯಲ್ಲಿ: ಇಲ್ಲ. ಸರಿಯಾದದ್ದು: ೨೬-೪-೨೦೦೩, ಶನಿವಾರ. ಅವರೇ.

‘ಆಟಿ ಅಮಾಸೆಗೆ ಮೂರು ದಿನ ಮೊದಲು’. ನನ್ನ ಪ್ರತಿಯಲ್ಲಿ: ಇಲ್ಲ. ಸರಿಯಾದದ್ದು: ೨೬-೭-೨೦೦೩, ಶನಿವಾರ. ಅವರೇ.

ಪೆರಾರ್ದೆ ೪, ಅಂದರೆ ೨೦-೧೨-೨೦೦೩, ಶನಿವಾರ. ಮುಂಡಪ್ಪನ ಪುಸ್ತಕದಲ್ಲಿ: ‘ಕಾರು ಹೋಗಲಿಲ್ಲ.’ ಈ ನಮೂದು ಸರಿಯಾಗಿದೆ. ಇದನ್ನು ತಿದ್ದಲು ಬರುವುದಿಲ್ಲ.